ಹತ್ತಿಗೆ ಒಂಬತ್ತು ಸಲ ಎಣ್ಣಿ (ಕೀಟನಾಶಕ) ಹೊಡೆದ್ರೂ ಗುಲಾಬಿ ಹುಳ ಹೋಗ್ಲಿಲ್ರಿ, ಈ ಸಲ ಬ್ಯಾರೆ ದಾರಿ ಏನೈತಿ?

ಎರಿಹೊಲ_ಸವಣೂರ
1 ಜೂನ್ 2025

ಎಲ್ಲಾರಿಗೂ ನಮಸ್ಕಾರ್ರಿ. ನಂದು ಸವಣೂರು ತಾಲೂಕು, ಎರಿ ಹೊಲ, ಒಟ್ಟು ಆರು ಎಕರೆ. ಒಂದು ಬೋರ್ ಐತಿ ಆದ್ರ ಅದು ಎರಡು ಎಕರೆಗಷ್ಟ ಸಾಕಾಗತೈತಿ, ಉಳಿದಿದ್ದೆಲ್ಲ ಮಳಿ ಮ್ಯಾಲ. ಹೋದ ವರ್ಷ ನಾಕು ಎಕರೆ ಬಿಟಿ ಹತ್ತಿ (ಕಾಯಿ ಹುಳಕ್ಕ ವಿಷ ಆಗೋ ಜೀನ್ ಸೇರಿಸಿದ್ದು) ಹಾಕಿದ್ದೆ. ಮೊದಲು ಹೇನು (ಗಿಡದ ರಸ ಹೀರೋ ಸಣ್ಣ ಹುಳ) ಬಂತು, ಆಮ್ಯಾಲ ಜಿಗಿಹುಳ ಬಂದು ಎಲಿ ಅಂಚೆಲ್ಲ ಕೆಂಪಾಗಿ ಬಟ್ಟಲದಂಗ ಕೆಳಗ ಮಡಿಚಿಕೊಂಡ್ವು, ಹೆದರಿ ಅಂಗಡಿಯವ್ರು ಕೊಟ್ಟಿದ್ದೆಲ್ಲ ಹೊಡೆದೆ, ಒಂದ ಪಂಪಿಗೆ ಎರಡು ನಮೂನಿ ಎಣ್ಣಿ, ಅದರ ಜೋಡಿ ಟಾನಿಕ್ ಬ್ಯಾರೆ. ಡಿಸೆಂಬರಕ್ಕ ಎಣಿಸಿದ್ರ ಒಂಬತ್ತು ಸಲ ಆಗಿತ್ತು. ಎಣ್ಣಿಗೆ ಮತ್ತ ಹೊಡೆಯೋ ಆಳಿಗೆ ಸೇರಿ ಎಕರೆಗೆ ಎಂಟು ಸಾವಿರದ ಮ್ಯಾಲ ಹೋತು.

ಮೊದಲನೇ ಸಲ ಬಿಡಿಸಿದ್ದು ಬೆಳ್ಳಗ ಚಲೋ ಹತ್ತಿ. ಎರಡನೇ ಸಲಕ್ಕ ಕಾಯಿ ಅರ್ಧ ಅರಳ್ತು, ಅರ್ಧ ಕಲ್ಲಿನಂಗ ಹಂಗ ಕುಂತ್ವು. ಒಡೆದು ನೋಡಿದ್ರ ಎರಡೆರಡು ಬೀಜ ಒಂದಕ್ಕೊಂದು ಅಂಟಿಕೊಂಡು ನಡುವ ಗುಲಾಬಿ ಬಣ್ಣದ ಹುಳ. ಹೊರಗಿಂದ ನೋಡಿದ್ರ ಕಾಯಿಗೆ ಒಂದು ತೂತನೂ ಕಾಣ್ತಿರಲಿಲ್ಲ. ಬಿಡಿಸೋ ಹೆಣ್ಣಾಳುಗಳು ಈ ಹತ್ತಿ ಬಿಡಿಸೋದು ಪರ್ವಡಸಂಗಿಲ್ಲ ಅಂತ ನಡು ಹೊಲದಾಗ ಬಿಟ್ಟು ಹೋದ್ರು.

ನಮ್ಮ ಮಾವ ವಿಷ ಬ್ಯಾಡ ಬೇವು ಹೊಡಿ ಅಂತಾರ, ಅಂಗಡಿಯವ್ರು ಹೊಸಾ ಎಣ್ಣಿ ಬಂದೈತಿ ತಗೊಂಡು ಹೋಗು ಅಂತಾರ. ಎರಡೂ ಕಡೆ ಮಾತು ಕೇಳಿ ತಲಿ ಕೆಟ್ಟೈತಿ. ಸ್ವಂತ ಹೊಲದಾಗ ಎಣ್ಣಿ ಕಡಿಮಿ ಮಾಡಿ ಹತ್ತಿ ತಗದವ್ರು ಯಾರಾದ್ರೂ ಇದ್ರ ಖರ್ಚು ಎಷ್ಟು ಇಳುವರಿ ಎಷ್ಟು ಸ್ವಲ್ಪ ಹೇಳ್ರಿ. ಹತ್ತು ಹನ್ನೆರಡು ದಿನದಾಗ ಬಿತ್ತಬೇಕು.


ಮಾನ್ವಿ_ಹತ್ತಿ
1 ಜೂನ್

ಅಣ್ಣಾರ, ನಾಕು ವರ್ಷದ ಹಿಂದ ನನ್ನ ಕತಿನೂ ಇದೇ ಇತ್ತು. ಈಗ ಮೂರು ಸಲಕ್ಕ ಬಂದು ನಿಂತದ, ಹೋದ ವರ್ಷ ಎರಡೇ ಸಲ. ಪೂರಾ ಬಂದ್ ಮಾಡಿಲ್ಲ, ಸುಳ್ಳು ಹೇಳಂಗಿಲ್ಲ.

ಭಾಳ ಕಷ್ಟದ ಕೆಲ್ಸ ಅಂದ್ರ ಮೊದಲ ಎರಡು ತಿಂಗಳು ಎಣ್ಣಿ ಹೊಡಿದೇ ಕೈ ಕಟ್ಟಿ ಕೂಡೋದು. ಬೀಜಕ್ಕ ಕಂಪನಿಯವ್ರೇ ಇಮಿಡಾಕ್ಲೋಪ್ರಿಡ್ ಹಚ್ಚಿ ಕೊಟ್ಟಿರ್ತಾರ, ಒಂದು ತಿಂಗಳ ಮ್ಯಾಲ ತನಕ ಅದೇ ಕಾಯ್ತದ. ಆಮ್ಯಾಲ ನಾಕು ಹೇನು ಕಂಡ್ವು ಅಂತ ಎಣ್ಣಿ ಹೊಡೆದ್ರ ಹೇನಿನ ಜೊತಿ ಗುಲಗಂಜಿ ಹುಳನೂ ಸಾಯ್ತಾವ. ಹೇನು ವಾರ ಹತ್ತು ದಿನದಾಗ ತಿರುಗಿ ಬರ್ತಾವ, ಗುಲಗಂಜಿ ಹುಳ ಅಷ್ಟು ಲಗೂ ಬರಂಗಿಲ್ಲ, ಅಲ್ಲಿಂದ ನೀವು ಎಣ್ಣಿ ಹಿಂದ ಓಡೋದು ಶುರು. ನಾನು ಮೊದಲನೇ ವರ್ಷ ಅದನ್ನೇ ನೋಡಿದ್ದು, ಒಂದು ಎಕರೆ ಹೊಡಿದೇ ಬಿಟ್ಟು ಉಳಿದಿದ್ದಕ್ಕ ಹೊಡೆದಿದ್ದೆ, ಬಿಟ್ಟ ಎಕರೆದಾಗ ಎಲಿ ಹಿಂದ ಕರ್ರಗ ಮುಳ್ಳು ಮುಳ್ಳಿನ ಹುಳ ತುಂಬಿದ್ವು, ನನಗ ಎದಿ ಒಡೀತು. ಆಮ್ಯಾಲ ಗೊತ್ತಾತು ಅವು ಗುಲಗಂಜಿ ಹುಳದ ಮರಿ ಅಂತ. ಹೇನು ತಿಂದು ಖಾಲಿ ಮಾಡಿಬಿಟ್ಟಿದ್ವು.

ಈಗ ಮುಂಜಾನೆ ಹೊಲಕ್ಕ ಹೋಗಿ ಎಕರೆಗೆ 20 ಗಿಡ, ಒಂದೊಂದು ಗಿಡಕ್ಕ ಮ್ಯಾಲೊಂದು ನಡುವೊಂದು ಕೆಳಗೊಂದು ಮೂರು ಎಲಿ ತಿರುವಿ ನೋಡ್ತೀನಿ. ಜಿಗಿಹುಳ ಎಲಿಗೆ ಎರಡರ ಒಳಗಿದ್ರ ಮನಿಗೆ ಬರ್ತೀನಿ. ಥ್ರಿಪ್ಸ್ (ಇದೂ ರಸ ಹೀರೋ ಸಣ್ಣ ಹುಳ) ಎಲಿಗೆ ಹತ್ತರ ತನಕ ಬಿಡ್ತೀನಿ. ದಾಟಿದ್ರ ಮೊದಲು ಬೇವಿನ ಬೀಜದ ಕಷಾಯ, ಅದಕ್ಕೂ ಬಗ್ಗಲಿಲ್ಲ ಅಂದ್ರ ಒಂದೇ ಒಂದು ಎಣ್ಣಿ, ಎರಡು ಕಲಸಂಗಿಲ್ಲ. ಹೊಲದ ಸುತ್ತ ಎರಡು ಸಾಲು ಅಲಸಂದಿ ಹಾಕ್ರಿ, ಅದಕ್ಕ ಹೇನು ಮುಕರ್ತಾವ, ಅವನ್ನ ತಿನ್ನಾಕ ಗುಲಗಂಜಿ ಹುಳ ಬಂದು ಅಲ್ಲೇ ಸಂಸಾರ ಹೂಡ್ತಾವ.

ಗುಲಾಬಿ ಹುಳಕ್ಕ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನಿ ತೋರಿಸಿ ಗಂಡು ಪತಂಗ ಹಿಡಿಯೋದು) 45ನೇ ದಿನಕ್ಕ ನೆಡ್ರಿ. ಗಿಡದ ತಲಿಗಿಂತ ಒಂದು ಫೂಟ್ ಮ್ಯಾಲ ಇರ್ಲಿ, ಗಿಡ ಬೆಳೆದಂಗ ಏರಸ್ತಾ ಹೋಗಬೇಕು. ತಂಬಾಕ ಮುಟ್ಟಿದ ಕೈಲಿ ಲೂರ್ (ಬಲೆದಾಗ ಇಡೋ ವಾಸನಿ ಗುಳಿಗಿ) ಮುಟ್ಟಬ್ಯಾಡ್ರಿ, ಮೂರು ವಾರಕ್ಕೊಮ್ಮೆ ಹೊಸದು ಹಾಕ್ರಿ. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂಗ ಮೂರು ರಾತ್ರಿ ಬಿದ್ರ ಮಾತ್ರ ಎಣ್ಣಿ.

ಖರ್ಚು ಕೇಳಿದ್ರಿ. ಬಲೆ, ಲೂರ್, ಬೇವು, ಎರಡು ಸಲದ ಎಣ್ಣಿ, ಆಳು ಎಲ್ಲ ಸೇರಿ ಎಕರೆಗೆ ಮೂರೂವರೆ ಸಾವಿರ. ಇಳುವರಿ ಎಂಟು ಕ್ವಿಂಟಲ್. ಹೊಡೆಯೋ ಕಾಲಕ್ಕೂ ಎಂಟು ಎಂಟೂವರೆನೇ ಇತ್ತು. ಇಳುವರಿ ಹೆಚ್ಚಾಗ್ತದ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ, ಉಳಿಯೋದು ಖರ್ಚಿನಾಗ.


ಲೀಸ್_ಹೊಲ_ದೇವದುರ್ಗ
2 ಜೂನ್

ನಾನು ಸ್ವಲ್ಪ ಬ್ಯಾರೆ ಮಾತು ಹೇಳ್ತೀನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ನಂದು 22 ಎಕರೆ ಲೀಸು. ದುಡ್ಡು ಮುಂಚೇನೇ ಕೊಟ್ಟಿರ್ತೀನಿ, ಬೆಳಿ ಬರ್ಲಿ ಬಿಡ್ಲಿ ಅದು ಹೋಗಿದ್ದೇ. 22 ಎಕರೆದಾಗ ಎಲಿ ತಿರುವಿ ಎಣಿಸಾಕ ಆಳು ಎಲ್ಲಿಂದ ತರಲಿ? ಬೇವಿನ ಬೀಜ ಎಕರೆಗೆ ಹತ್ತು ಕೆಜಿ ಬೇಕು ಅಂದ್ರ ನನಗ ಎರಡು ಕ್ವಿಂಟಲ್ ಮ್ಯಾಲ ಆತು, ಆಯೋರು ಯಾರು ಕುಟ್ಟೋರು ಯಾರು. ಎಣ್ಣಿ ಅಂದ್ರ ಅಂಗಡಿಯವ್ರು ಉದ್ರಿ ಕೊಡ್ತಾರ, ಬಲೆಗೆ ಯಾರೂ ಉದ್ರಿ ಕೊಡಂಗಿಲ್ಲ. ಇದನ್ನ ಯಾರೂ ಮಾತಾಡಂಗಿಲ್ಲ ನೋಡ್ರಿ. ನಮಗ ವಿಷ ಹೊಡೆಯೋದು ಖುಷಿ ಅಂತ ಹೊಡಿಯಂಗಿಲ್ಲ, ಒಂದು ಸಲ ತಪ್ಪಿದ್ರ ವರ್ಷದ ಲೀಸು ಮೈಮ್ಯಾಲ ಬರ್ತದ ಅಂತ ಹೊಡೀತೀವಿ.

ಇನ್ನೊಂದು, ನಾ ಒಬ್ಬನೇ ಸುಮ್ಕಿದ್ರ ಬಾಜು ಹೊಲದ ಪತಂಗ ಬರಂಗಿಲ್ಲೇನು?


ಕೃಷಿ_ಓದಿದವ
2 ಜೂನ್

ದೇವದುರ್ಗದ ಅಣ್ಣ ಹೇಳಿದ್ದರಲ್ಲಿ ಕೊನೇ ಮಾತು ನೂರಕ್ಕೆ ನೂರು ಸರಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನಾನು ಧಾರವಾಡದಲ್ಲಿ ಓದಿದವನು, ಹದಿನೈದು ವರ್ಷದಿಂದ ಹತ್ತಿ ಹೊಲಗಳಲ್ಲೇ ಓಡಾಡ್ತಿದೀನಿ.

ತೊಂಬತ್ತರ ದಶಕದಲ್ಲಿ ನಮಗೆ ಕಾಡ್ತಿದ್ದಿದ್ದು ಹಸಿರು ಕಾಯಿಕೊರಕ. ದೇಶದ ಸಾಗುವಳಿ ಭೂಮಿಯಲ್ಲಿ ಹತ್ತಿ ಇದ್ದಿದ್ದು ನೂರಕ್ಕೆ ಐದು ಭಾಗ, ಆದ್ರೆ ಕೀಟನಾಶಕದಲ್ಲಿ ಹತ್ತಿರ ಹತ್ತಿರ ಅರ್ಧ ಹತ್ತಿಗೇ ಹೋಗ್ತಿತ್ತು. 2002ರಲ್ಲಿ ಬಿಟಿ ಬಂತು, 2006ರಲ್ಲಿ ಎರಡು ಜೀನಿನ ಬೋಲ್‌ಗಾರ್ಡ್ 2 ಬಂತು, ಹಸಿರು ಹುಳದ ಕಾಟ ನಿಜಕ್ಕೂ ಕಡಿಮೆ ಆಯ್ತು, ಎಣ್ಣೆ ಹೊಡೆಯೋದೂ ಕೆಲವು ವರ್ಷ ಇಳೀತು. ಬಿಟಿಯಿಂದ ಏನೂ ಆಗ್ಲಿಲ್ಲ ಅನ್ನೋರ ಮಾತು ನಾನು ಒಪ್ಪಲ್ಲ. ಆದ್ರೆ ಗುಲಾಬಿ ಹುಳ ಬೇರೆ ಜಾತಿ. ಅದಕ್ಕೆ ಹತ್ತಿ ಬಿಟ್ರೆ ತಿನ್ನೋಕೆ ಬೇರೆ ಬೆಳೆ ಇಲ್ಲ ಅನ್ನಬಹುದು. ಹಂಗಾಗಿ ಅದು ತಲೆಮಾರು ತಲೆಮಾರು ಬಿಟಿ ವಿಷವನ್ನೇ ತಿಂದು ತಿಂದು ಅದಕ್ಕೆ ಒಗ್ಗಿಕೊಂಡಿತು. ಗುಜರಾತಿನಲ್ಲಿ 2010ರ ಹೊತ್ತಿಗೆ ಮೊದಲ ಬಿಟಿ ಸೋತಿತ್ತು, 2015ರ ಸುಮಾರಿಗೆ ಬೋಲ್‌ಗಾರ್ಡ್ 2 ಕೂಡ ಸೋತಿತು, ಅಲ್ಲಿಂದ ಒಂದೆರಡು ವರ್ಷದಲ್ಲಿ ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು ಕಡೆ ಎಲ್ಲಾ.

ನಿಮಗೆ ನೆನಪಿರಬಹುದು, ಬೀಜದ ಪಾಕೀಟಿನ ಜೊತೆ 120 ಗ್ರಾಮಿನ ಸಣ್ಣ ಪಾಕೀಟು ಬರ್ತಿತ್ತು. ಅದು ಬಿಟಿ ಅಲ್ಲದ ಬೀಜ, ಹೊಲದ ಸುತ್ತ ಹಾಕಬೇಕಿತ್ತು, ಅಲ್ಲಿ ಬೆಳೆದ ವಿಷ ತಿನ್ನದ ಪತಂಗ ಒಗ್ಗಿಕೊಂಡ ಪತಂಗದ ಜೊತೆ ಕೂಡಲಿ ಅಂತ. ಬಹಳ ಜನ ಅದನ್ನ ಬದುವಿಗೆ ಎಸೆದ್ರು, ಯಾಕೆ ಹಾಕಬೇಕು ಅಂತ ಕೂತು ಹೇಳಿದವರೂ ಕಡಿಮೆ. ಅದರ ಮೇಲೆ ನೀರಿದ್ದ ಕಡೆ ಮಾರ್ಚ್ ಏಪ್ರಿಲ್ ತನಕ ಗಿಡ ಬಿಟ್ಟು ಎರಡನೇ ಸಲ ಹೂ ಬಿಡಿಸಿದ್ವಿ. ಹುಳಕ್ಕೆ ವರ್ಷಪೂರ್ತಿ ಊಟ ಸಿಕ್ತು.

ಸವಣೂರಿನ ಅಣ್ಣಂಗೆ ಒಂಬತ್ತು ಸಲ ಹೊಡೆದ್ರೂ ಯಾಕೆ ಹೋಗ್ಲಿಲ್ಲ ಅಂದ್ರೆ, ಮೊಟ್ಟೆ ಒಡೆದ ಮರಿ ಸ್ವಲ್ಪ ಹೊತ್ತಲ್ಲೇ ಕಾಯಿ ಒಳಗೆ ಹೋಗುತ್ತೆ, ಹೋದ ತೂತು ಕಾಯಿ ಬೆಳೆದಂಗೆ ಮುಚ್ಚಿಹೋಗುತ್ತೆ. ಆಮೇಲೆ ನೀವು ಹೊಡೆದಿದ್ದು ಕಾಯಿ ಸಿಪ್ಪೆಗೆ. ಎಣ್ಣೆ ಸರಿಯಿಲ್ಲ ಅಂತಲ್ಲ, ಹೊತ್ತು ತಪ್ಪಿತ್ತು. ಬಲೆ ಬೇಕಾಗಿರೋದು ಆ ಹೊತ್ತು ಗೊತ್ತಾಗೋಕೆ. ಬಲೆ ಜೊತೆ ಇನ್ನೆರಡು ನೋಡಿ. ಹೂ ಅರಳದೆ ಎಸಳು ಸುತ್ತಿಕೊಂಡು ಗುಲಾಬಿ ಮೊಗ್ಗಿನಂಗೆ ಮುಚ್ಚಿದ್ರೆ ಬಿಡಿಸಿ ನೋಡಿ, ಒಳಗೆ ಹುಳ ಇರುತ್ತೆ, ನೂರು ಹೂವಲ್ಲಿ ಹತ್ತು ಹಂಗಿದ್ರೆ ಎಚ್ಚರ. ಎಕರೆಗೆ ಅಲ್ಲಲ್ಲಿ 20 ಹಸಿರು ಕಾಯಿ ಕಿತ್ತು ಸೀಳಿ, ಎರಡರಲ್ಲಿ ಹುಳ ಇದ್ರೆ ಹೊಡೆಯೋ ಹೊತ್ತು. ಸೈಪರ್‌ಮೆಥ್ರಿನ್ ಥರದ್ದು ಮೊದಲ ಮೂರು ನಾಲ್ಕು ತಿಂಗಳು ಬೇಡ, ಬಿಳಿ ನೊಣ ಏಳುತ್ತೆ. ಎಳೇ ಬೆಳೆಗೆ ಮೊನೊಕ್ರೋಟೋಫಾಸ್, ಅಸಿಫೇಟ್ ಹೊಡೆದ್ರೆ ಗಿಡ ಹಸಿರಾಗಿ ಕಾಣುತ್ತೆ ಅಂತ ಖುಷಿ ಪಡ್ತೀವಿ, ಆದ್ರೆ ಗಿಡ ಸೊಕ್ಕಿ ಹೂ ಹಿಂದೆಮುಂದೆ ಆಗುತ್ತೆ, ಹುಳಕ್ಕೆ ಅದೇ ಬೇಕಾಗಿರೋದು.

ಈಗ ಬಾಜು ಹೊಲದ ಮಾತು. ಅಮೆರಿಕದಲ್ಲಿ ಇದೇ ಗುಲಾಬಿ ಹುಳ ಸುಮಾರು ನೂರು ವರ್ಷ ಕಾಡಿತ್ತು, 2018ರಲ್ಲಿ ಹತ್ತಿ ಬೆಳೆಯೋ ಪ್ರದೇಶದಿಂದ ಪೂರ್ತಿ ಹೋಯ್ತು ಅಂತ ಅಲ್ಲಿನ ಸರ್ಕಾರ ಘೋಷಿಸಿತು. ಬಿಟಿ ಹತ್ತಿ, ಸಂತಾನ ಆಗದ ಪತಂಗಗಳನ್ನ ವಿಮಾನದಿಂದ ಬಿಡೋದು, ಗಂಡು ಪತಂಗದ ದಾರಿ ತಪ್ಪಿಸೋ ವಾಸನೆ, ಸುಗ್ಗಿ ಆದ ಮೇಲೆ ಗಿಡ ಕಡ್ಡಾಯವಾಗಿ ಮಣ್ಣಿಗೆ ಸೇರಿಸೋದು, ಇಷ್ಟೂ ಸೇರಿ. ಇಡೀ ಸೀಮೆ ಒಟ್ಟಿಗೆ ಮಾಡಿತು. ನಮ್ಮಲ್ಲಿ ವಿಮಾನ ಬೇಡ, ಒಂದು ಊರಿನವರೆಲ್ಲ ಡಿಸೆಂಬರ್ ಕೊನೆಗೆ ಹತ್ತಿ ಕಿತ್ತರೆ ಸಾಕು, ಐದಾರು ತಿಂಗಳು ಹುಳಕ್ಕೆ ಊಟ ಇರಲ್ಲ. ಕಿತ್ತ ಕಟ್ಟಿಗೆ ಒಲೆಗೆ ಅಂತ ಮನೆ ಹಿಂದೆ ಒಟ್ಟಬೇಡಿ, ಒಣಗಿದ ಕಾಯಲ್ಲಿ ಹುಳ ಮಲಗಿ ಮುಂದಿನ ಮುಂಗಾರಿಗೆ ಏಳುತ್ತೆ. ರೊಟಾವೇಟರ್ ಹೊಡೆಸಿ ಪುಡಿ ಮಾಡಿ.

ಉದ್ರಿ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣಾ, ಆ ಕಷ್ಟ ನಿಜ. ಆದ್ರೆ 22 ಎಕರೆಗೆ 44 ಬಲೆ ನೋಡೋಕೆ ಒಬ್ಬ ಆಳಿಗೆ ಒಂದು ಮುಂಜಾನೆ ಸಾಕು, 22 ಎಕರೆಗೆ ಒಂದು ಸಲ ಎಣ್ಣೆ ಹೊಡೆಯೋಕೆ ಎಷ್ಟು ಆಳು ಬೇಕು ಅಂತ ನಿಮಗೇ ಗೊತ್ತು.


ಶಹಾಪುರ_ಅಕ್ಕ
3 ಜೂನ್

ನೀವೆಲ್ಲ ರೊಕ್ಕದ ಲೆಕ್ಕ ಹೇಳ್ಲಿಕತ್ತೀರಿ, ನಾ ಒಂದು ಹೇಳ್ತೀನಿ. ಮೂರು ವರ್ಷದ ಹಿಂದ ಅಕ್ಟೋಬರ್‌ದಾಗ ನಮ್ಮನಿಯವ್ರು ಎಣ್ಣಿ ಹೊಡಿಲಿಕ್ಕ ಹೋಗಿದ್ರು. ಹತ್ತಿ ಎದಿ ಮಟ ಬೆಳದಿತ್ತು, ಚಾರ್ಜಿಂಗ್ ಪಂಪು, ಹೊಡೆದಿದ್ದು ಮುಂದ ಹೋಗಂಗಿಲ್ಲ, ಗಿಡಕ್ಕ ಬಡದು ಮಾರಿಗೇ ಬರ್ತದ. ಬಿಸಿಲಂತ ಅಂಗಿ ಬಿಚ್ಚಿದ್ರು. ಮಧ್ಯಾಹ್ನ ಮನಿಗೆ ಬಂದು ತಲಿ ತಿರುಗ್ತದ ಅಂತ ಕುಂತ್ರು, ಬಾಯಾಗ ಜೊಲ್ಲು, ಮೈಯೆಲ್ಲ ಬೆವರು, ಕಣ್ಣ ಪಾಪಿ ಸಾಸಿವಿ ಕಾಳಿನಷ್ಟು ಸಣ್ಣಗಾಗಿತ್ತು. ದವಾಖಾನಿಗೆ ಒಯ್ದ್ರ ಡಾಕ್ಟರು ಯಾವ ಎಣ್ಣಿ, ಡಬ್ಬಿ ತಂದೀರೇನು ಅಂತ ಕೇಳಿದ್ರು. ಡಬ್ಬಿ ಹೊಲದಾಗೇ ಬಿದ್ದಿತ್ತು, ಮೂರು ನಮೂನಿ ಕಲಸಿದ್ರು ಬ್ಯಾರೆ. ನಮ್ಮ ಮೈದುನ ಗಾಡಿ ತಗೊಂಡು ಹೋಗಿ ಡಬ್ಬಿ ಹುಡುಕಿ ತರಾ ತನಕ ನನ್ನ ಜೀವ ನನ್ನ ಕೈಯಾಗ ಇದ್ದಿಲ್ಲ. ಅಟ್ರೋಪಿನ್ ಅಂತ ಇಂಜೆಕ್ಷನ್ ಮ್ಯಾಲಿಂದ ಮ್ಯಾಲ ಕೊಟ್ಟು ಐದು ದಿನ ಇಟ್ಕೊಂಡ್ರು. ದೇವರ ದಯೆ, ಉಳದ್ರು.

2017ರಾಗ ಮಹಾರಾಷ್ಟ್ರದ ಯವತ್ಮಾಳದಾಗ 20ಕ್ಕೂ ಹೆಚ್ಚು ಮಂದಿ ಹತ್ತಿಗೆ ಎಣ್ಣಿ ಹೊಡಿಲಿಕ್ಕ ಹೋಗಿ ಸತ್ರು, ನೂರಾರು ಮಂದಿ ದವಾಖಾನಿ ಸೇರಿದ್ರು. ಭಾಳ ಮಂದಿ ಕೂಲಿಯವ್ರು, ಹೊಲ ಅವರದಲ್ಲ.

ಹೊಡೆಯೋದೇ ಆದ್ರ ಡಬ್ಬಿ ಮ್ಯಾಲಿನ ತ್ರಿಕೋನ ನೋಡ್ರಿ. ಕೆಂಪು ಇದ್ರ ಅತಿ ವಿಷ, ಹಳದಿ ಅದಕ್ಕಿಂತ ಕಡಿಮಿ, ಆಮ್ಯಾಲ ನೀಲಿ, ಹಸಿರು. ಗಾಳಿ ಎದುರಿಗೆ ಹೊಡಿಬ್ಯಾಡ್ರಿ, ಖಾಲಿ ಡಬ್ಬಿಯಾಗ ನೀರು ತುಂಬಬ್ಯಾಡ್ರಿ, ಮೈ ಕೆಟ್ರ ಡಬ್ಬಿ ಸಂಗಾಟ ದವಾಖಾನಿಗೆ ಹೋಗ್ರಿ. ಈಗ ನಮ್ಮ ಹೊಲದಾಗ ಬೇವಿನ ಕಷಾಯ ನಾನೇ ಮಾಡ್ತೀನಿ. ಐದು ಕೆಜಿ ಬೇವಿನ ಬೀಜದ ಪುಡಿ ಹಳೀ ಧೋತರದಾಗ ಗಂಟು ಕಟ್ಟಿ ರಾತ್ರಿ ಎಲ್ಲ ನೀರಾಗ ನೆನಸಬೇಕು, ಮುಂಜಾನಿ ಹಿಂಡಿ ಹಿಂಡಿ ಹಾಲಿನಂಗ ಬರೋದು ನಿಂದ್ರೋ ತನಕ ತಗದು, ಸ್ವಲ್ಪ ಸೋಪಿನ ಪುಡಿ ಹಾಕಿ 100 ಲೀಟರ್ ಮಾಡಿ ಸಂಜಿಗೆ ಹೊಡಿಬೇಕು, ಬಿಸಿಲಿಗೆ ಅದರ ಶಕ್ತಿ ಹೋಗ್ತದ. ಈಗ ಬೇವಿನ ಹಣ್ಣು ಉದುರೋ ಕಾಲ, ಹುಡುಗರಿಗೆ ಹೇಳಿ ಆಯಿಸಿ ನೆರಳಾಗ ಒಣಗಸ್ರಿ. ಹೋದ ವರ್ಷದ್ದು ಬೂಸಲು ಬಂದಿದ್ದು ಉಪಯೋಗಿಲ್ಲ.


ಜಯಧರ್_ಗದಗ
3 ಜೂನ್

ನಾನು ಪೂರಾ ಸಾವಯವ, ಬಿಟಿ ಇಲ್ಲ. ಜಯಧರ್ ಹಾಕ್ತೀನಿ, ಹಿಂಗಾರಿಗೆ. ನಮ್ಮ ದೇಶಿ ಹತ್ತಿ, ಹೇನು ಜಿಗಿಹುಳ ಅದರ ತಂಟಿಗೆ ಅಷ್ಟು ಬರಂಗಿಲ್ಲ, ಎಣ್ಣಿ ಖರ್ಚು ಸೊನ್ನಿ. ಆದ್ರ ನಿಜ ಹೇಳಬೇಕಂದ್ರ ಎಕರೆಗೆ ಮೂರು ಕ್ವಿಂಟಲ್ ಬಂದ್ರ ಹೆಚ್ಚು, ಎಳಿ ಗಿಡ್ಡ, ಮಾರ್ಕೆಟ್‌ನ್ಯಾಗ ಉದ್ದ ಎಳಿ ಹತ್ತಿಯ ದರ ಸಿಗಂಗಿಲ್ಲ. ಕಾಯಿ ಸಣ್ಣವು, ಬಿಡಿಸೋರಿಗೆ ತ್ರಾಸು. ಸಾವಯವ ಅಂತ ಸರ್ಟಿಫಿಕೇಟ್ ಬೇಕಂದ್ರ ಎರಡು ಮೂರು ವರ್ಷ ಕಾಯಬೇಕು, ಬಿಟಿ ಬೀಜ ಹಾಕಿದ್ರ ಆ ಸರ್ಟಿಫಿಕೇಟ್ ಸಿಗಂಗೇ ಇಲ್ಲ, ಇದು ಭಾಳ ಮಂದಿಗೆ ಗೊತ್ತಿಲ್ಲ. ಅದಕ್ಕ ಸವಣೂರಿನವ್ರಿಗೆ ಒಮ್ಮೆಲೆ ಎಲ್ಲಾ ಬದಲ ಮಾಡ್ರಿ ಅನ್ನಂಗಿಲ್ಲ. ಅರ್ಧ ಎಕರೆ ಹಾಕಿ ನೋಡ್ರಿ. ನನ್ನ ಹೊಲದಾಗ ಜೇನು ಬರ್ತಾವ, ನವಿಲು ಬರ್ತಾವ, ದನಕ್ಕ ಹತ್ತಿಕಾಳು ಅಂಜಿಕಿ ಇಲ್ದ ಹಾಕ್ತೀನಿ. ನನಗ ಅಷ್ಟು ಸಾಕಾಗೈತಿ.


ಕೋಟೆ_ಕಾಡಂಚು
4 ಜೂನ್

ಹೆಚ್.ಡಿ. ಕೋಟೆ ಕಡೆಯಿಂದ. ನಮ್ಮಲ್ಲಿ ಏಪ್ರಿಲ್ ಮೇನಲ್ಲೇ ಬಿತ್ತನೆ ಆಗೋಗುತ್ತೆ ಕಣಣ್ಣ, ಅಕ್ಟೋಬರ್ ನವೆಂಬರ್‌ಗೆ ಹತ್ತಿ ಕಿತ್ತು ಹುರುಳಿಯೋ ಅವರೆಯೋ ಏನೋ ಹಾಕ್ತೀವಿ. ಗುಲಾಬಿ ಹುಳ ಜೋರಾಗೋದ್ರೊಳಗೆ ನಮ್ದು ಮುಗ್ದಿರುತ್ತೆ. ಬೇಗ ಮುಗಿಯೋ ತಳಿ ಸಿಕ್ಕಿದ್ರೆ ಅದನ್ನೇ ಹಾಕಿ, ಅರ್ಧ ಕಾಟ ಅಲ್ಲೇ ತಪ್ಪುತ್ತೆ. ಬಿಡಿಸೋವಾಗ ಮಳೆಗೆ ಸಿಕ್ಕಾಕೊಳ್ಳೋದು ಒಂದು ತೊಂದ್ರೆ ಅಷ್ಟೇ.


ಎರಿಹೊಲ_ಸವಣೂರ
5 ಜೂನ್

ಎಲ್ಲಾರ್ದೂ ಎರಡೆರಡು ಸಲ ಓದೀನ್ರಿ. ಶಹಾಪುರದ ಅಕ್ಕಾರ, ನಿಮ್ಮದು ಓದಿ ನಮ್ಮಾಕಿಗೂ ಓದಿ ಹೇಳ್ದೆ, ಎಣ್ಣಿ ಡಬ್ಬಿಗಳು ಅಡಿಗಿ ಮನಿ ಅಟ್ಟದ ಮ್ಯಾಲ ಇದ್ದವು, ಆಕಿ ಅವತ್ತ ಸಂಜಿಕ ತಗದು ಹೊರಗ ಇಟ್ಳು. ನಾಕು ಎಕರೆ ಬದಲಿ ಮೂರು ಎಕರೆ ಲಗೂ ಬರೋ ಬಿಟಿ ಹಾಕ್ತೀನಿ, ಸುತ್ತ ಅಲಸಂದಿ, ಎಕರೆಗೆ ಎರಡು ಬಲೆ. ಬಾಜು ಹೊಲದವ್ರ ಜೋಡಿ ಮಾತಾಡಬೇಕು, ಅದು ಬಿತ್ತೋದಕ್ಕಿಂತ ದೊಡ್ಡ ಕೆಲಸ ಐತಿ.


ಎರಿಹೊಲ_ಸವಣೂರ
14 ಸೆಪ್ಟೆಂಬರ್

ಹೊಲ ಹೆಂಗೈತಿ ಅಂತ ಹೇಳಾಕ ಬಂದೆ. ಬಿತ್ತಿ 94 ದಿನ ಆತು. ಇಲ್ಲೀತನಕ ಎಣ್ಣಿ ಒಂದ ಸಲ, ಅದೂ ಜುಲೈ ಕಡೀಕ ಜಿಗಿಹುಳ ಎಲಿಗೆ ಮೂರು ನಾಕು ಆದಾಗ, ಬೇವು ಹೊಡೆದು ಐದು ದಿನ ಕಾಯ್ದ ಮ್ಯಾಲ. ಬೇವಿನ ಕಷಾಯ ಎರಡು ಸಲ ಆಗೈತಿ. ಹೋದ ವರ್ಷ ಇಷ್ಟೊತ್ತಿಗೆ ಐದು ಸಲ ಎಣ್ಣಿ ಆಗಿತ್ತು. ಆಗಸ್ಟದಾಗ ಜಡಿ ಮಳಿ ಹಿಡಿದು ಎಲಿ ಕೆಂಪಾದಾಗ ಅಂಗಡಿ ತನಕ ಹೋಗಿ ಬಾಗಿಲದಾಗಿಂದ ತಿರುಗಿ ಬಂದೀನಿ, ಎಲಿ ತಿರುವಿ ನೋಡಿದ್ರ ಹುಳನ ಇರ್ಲಿಲ್ಲ, ನೀರು ನಿಂತು ಕೆಂಪಾಗಿದ್ವು. ಬದುವಿನ ಕಡೆ ಕಾಲುವಿ ತಗದೆ, ಸುಧಾರಿಸ್ತು.

ಬಲೆದಾಗ ನಿನ್ನಿ ರಾತ್ರಿ ಮೂರು, ಮೊನ್ನಿ ಐದು, ಅದರ ಹಿಂದಿನ ದಿನ ಎರಡು ಪತಂಗ. ಇವತ್ತ ಮುಂಜಾನೆ ಒಂದು ಎಕರೆದಾಗ 20 ಕಾಯಿ ಸೀಳಿದೆ, ಒಂದರಾಗ ಹುಳ ಸಿಕ್ತು, ಇನ್ನೂ ಬೆಳ್ಳಗ ಸಣ್ಣದು, ತಲಿ ಅಷ್ಟ ಕರ್ರಗ. ಕೈ ತಡಿಯಂಗಿಲ್ಲ ಆದ್ರೂ ಹೊಡೆದಿಲ್ಲ. ಮುಚ್ಚಿದ ಹೂ ಸಿಕ್ಕಷ್ಟು ಕಿತ್ತು ಚೀಲದಾಗ ಹಾಕಿ ಸುಟ್ಟೀನಿ.

ನಮ್ಮ ಕಡೆ ಹನ್ನೊಂದು ಹೊಲದವ್ರು ಹತ್ತಿ ಹಾಕೀವಿ. ಡಿಸೆಂಬರ್ ಕಡೀಕ ಕೀಳೋಣ ಅಂತ ಏಳು ಮಂದಿ ಒಪ್ಪ್ಯಾರ. ನಾಕು ಮಂದಿ ನೀರೈತಿ ನಾವು ಬಿಡ್ತೀವಿ ಅಂತಾರ, ಅದ್ರಾಗ ಒಬ್ಬಾವ ನಮ್ಮ ಸ್ವಂತ ದೊಡ್ಡಪ್ಪನ ಮಗ. ಈ 2025ರಾಗ ಹೊರದೇಶದ ಹತ್ತಿ ಮ್ಯಾಲಿನ ಆಮದು ಸುಂಕ ಸ್ವಲ್ಪ ದಿನಕ್ಕಂತ ತಗದಾರ, ಹತ್ತಿ ದರ ಏನಾಗತೈತೋ ಅನ್ನೋ ಚಿಂತಿ ಎಲ್ಲಾರಿಗೂ ಐತಿ, ಇಂಥಾದ್ರಾಗ ಗಿಡ ಕೀಳು ಅಂದ್ರ ಯಾರು ಕೇಳ್ತಾರ. ಆದ್ರೂ ಕೇಳಸಾಕ ಹತ್ತೀನಿ.

ಮಾನ್ವಿ ಅಣ್ಣಾರ ಒಂದು ಕೇಳೋದಿತ್ತು. ಲೂರ್ ಹಾಕಿ 24 ದಿನ ಆತು, ಪತಂಗ ಕಡಿಮಿ ಬಿದ್ದಿದ್ದು ಹುಳ ಕಡಿಮಿ ಆಗೈತಿ ಅಂತನೋ ಲೂರಿನ ವಾಸನಿ ಹೋಗೈತಿ ಅಂತನೋ ಹೆಂಗ ತಿಳ್ಕೋಬೇಕ್ರಿ?


ಮಾನ್ವಿ_ಹತ್ತಿ
14 ಸೆಪ್ಟೆಂಬರ್

ಇವತ್ತೇ ಅರ್ಧ ಬಲೆಗೆ ಹೊಸಾ ಲೂರ್ ಹಾಕ್ರಿ, ಅರ್ಧಕ್ಕ ಹಳೇದು ಹಂಗೇ ಇರ್ಲಿ. ನಾಡಿದ್ದು ಮುಂಜಾನೆ ಎರಡೂ ಎಣಿಸಿದ್ರ ಗೊತ್ತಾಗ್ತದ. ಎಷ್ಟು ಬಿದ್ವು ಅಂತ ಇಲ್ಲೇ ಹಾಕ್ರಿ, ಮಧ್ಯಾಹ್ನದೊಳಗ ನೋಡ್ತೀನಿ.